ಬಿ ಫಾರಂ ಕೊಟ್ಟ ಪಕ್ಷವೇ ‘ಅವರು ನಮ್ಮವರಲ್ಲ’ ಎಂದರೆ ಮತ ಯಾರಿಗೆ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನವನು. ಪಕ್ಷದ ಕೆಲಸಕ್ಕೆ ಬೂತ್ ಮಟ್ಟದಲ್ಲಿ ಓಡಾಡುತ್ತೇನೆ, ಮತದಾನದ ದಿನ ಏಜೆಂಟ್ ಆಗಿ ಕೂರುತ್ತೇನೆ. ಅಭ್ಯರ್ಥಿಯ ಮೇಲೆ ದೊಡ್ಡ ಆರೋಪ ಬಂದಾಗ ಮುಖಂಡರು ಮೈಕ್ ಮುಂದೆ ‘ಅವರಿಗೂ ಪಕ್ಷಕ್ಕೂ ಸಂಬಂಧವಿಲ್ಲ’ ಅಂದುಬಿಡುತ್ತಾರೆ. ಆದರೆ ಮತಯಂತ್ರದ ಮೇಲೆ ಅವರ ಹೆಸರಿನ ಪಕ್ಕದಲ್ಲಿ ನಮ್ಮ ಚಿಹ್ನೆಯೇ ಇರುತ್ತದೆ. ಆ ಮತ ಯಾರಿಗೆ ಹೋಗುತ್ತದೆ? ಕೊಟ್ಟ ಟಿಕೆಟ್ಟನ್ನು ಪಕ್ಷ ವಾಪಸ್ ತೆಗೆದುಕೊಳ್ಳಲು ಬರುತ್ತದೋ ಇಲ್ಲವೋ? ಅಂಥ ಹೊತ್ತಿನಲ್ಲಿ ನಮ್ಮಂಥವರು ಏಜೆಂಟ್ ಆಗಿ ಕೂರಬೇಕೋ ಬೇಡವೋ?

ಉತ್ತರ: ಆ ಮತ ಅಭ್ಯರ್ಥಿಗೇ ಹೋಗುತ್ತದೆ. ಅಮಾನತಾಗಿದ್ದರೂ ಹೋಗುತ್ತದೆ, ಉಚ್ಚಾಟನೆಯಾಗಿದ್ದರೂ ಹೋಗುತ್ತದೆ, ರಾಜ್ಯಾಧ್ಯಕ್ಷರೇ ಬಂದು ‘ಇವರಿಗೆ ಹಾಕಬೇಡಿ’ ಎಂದು ಬಹಿರಂಗ ಸಭೆಯಲ್ಲಿ ಕೈಮುಗಿದಿದ್ದರೂ ಹೋಗುತ್ತದೆ. ಟಿಕೆಟ್ ವಾಪಸ್ ಪಡೆಯಲು ಪಕ್ಷಕ್ಕೆ ಬರುತ್ತದೆ, ಆದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯವರೆಗೆ ಮಾತ್ರ. ಆ ಗಂಟೆ ದಾಟಿತೆಂದರೆ ಪಕ್ಷದ ಕೈಯಲ್ಲಿ ಉಳಿಯುವುದು ಮೈಕು ಒಂದೇ. ಹಾಗಾಗಿ ಇಂಥ ಹೇಳಿಕೆ ಕಿವಿಗೆ ಬಿದ್ದಾಗ ಹೇಳಿದವರ ಮುಖ ನೋಡುವ ಮುಂಚೆ ಗೋಡೆಯ ಕ್ಯಾಲೆಂಡರ್ ನೋಡಿ.

‘ಟಿಕೆಟ್’ ಎನ್ನುವ ಪದ ಕಾನೂನಿನಲ್ಲಿ ಎಲ್ಲೂ ಇಲ್ಲ. ದೆಹಲಿಯಿಂದ ಪಟ್ಟಿ ಬಂದ ರಾತ್ರಿ ಗಾಂಧಿ ಸರ್ಕಲ್‌ನಲ್ಲಿ ಪಟಾಕಿ ಹೊಡೆದರೂ ಚುನಾವಣಾಧಿಕಾರಿಯ ಮಟ್ಟಿಗೆ ಏನೂ ಆಗಿರುವುದಿಲ್ಲ. ಆ ಹಂತದಲ್ಲಿ ಪಕ್ಷ ಹೆಸರು ಬದಲಿಸಲು ಯಾರ ಅಪ್ಪಣೆಯೂ ಬೇಡ. 2024ರ ಮಾರ್ಚ್ 2ರಂದು ಬಿಜೆಪಿ ಪಶ್ಚಿಮ ಬಂಗಾಳದ ಅಸನ್ಸೋಲ್‌ಗೆ ಭೋಜಪುರಿ ಗಾಯಕ ಪವನ್ ಸಿಂಗ್ ಹೆಸರು ಪ್ರಕಟಿಸಿತು, ಅವರ ಹಾಡುಗಳ ಬಗ್ಗೆ ಗಲಾಟೆ ಎದ್ದಿತು, ಮರುದಿನವೇ ಅವರು ಹಿಂದೆ ಸರಿದರು. ಒಂದು ಕಾಗದವೂ ಬೇಕಾಗಲಿಲ್ಲ, ಏಕೆಂದರೆ ಕಾಗದ ಇನ್ನೂ ಹುಟ್ಟಿರಲೇ ಇಲ್ಲ.

ಆ ಕಾಗದವೇ ಬಿ ಫಾರಂ. ಚುನಾವಣಾ ಚಿಹ್ನೆಗಳ ಆದೇಶ, 1968ರ 13ನೇ ಪ್ಯಾರಾ ಇದರ ಮೂಲ. ಎ ಫಾರಂನಲ್ಲಿ ಪಕ್ಷ ‘ನಮ್ಮ ಪರವಾಗಿ ಸಹಿ ಮಾಡುವ ಅಧಿಕಾರ ಇಂಥವರಿಗೆ’ ಎಂದು ಮಾದರಿ ಸಹಿಯೊಂದಿಗೆ ತಿಳಿಸುತ್ತದೆ. ಆ ಅಧಿಕಾರ ಪಡೆದವರು ‘ಈ ಕ್ಷೇತ್ರಕ್ಕೆ ಇವರೇ ನಮ್ಮ ಅಭ್ಯರ್ಥಿ’ ಎಂದು ಕೊಡುವುದು ಬಿ ಫಾರಂ. ಎರಡರ ಮೇಲೂ ಶಾಯಿಯ ಸಹಿ ಇರಬೇಕು. ಜೆರಾಕ್ಸ್ ನಡೆಯುವುದಿಲ್ಲ, ಸಹಿಯ ರಬ್ಬರ್ ಸ್ಟಾಂಪ್ ನಡೆಯುವುದಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊವಂತೂ ಇಲ್ಲವೇ ಇಲ್ಲ. ಕೊನೆಯ ದಿನ ಬೆಂಗಳೂರಿನಿಂದ ಕಾರಿನಲ್ಲಿ ಬಿ ಫಾರಂ ಹೊತ್ತು ಓಡಿಬರುವ ದೃಶ್ಯಗಳಿಗೆ ಇದೇ ಕಾರಣ.

ಈಗ ದಿನಾಂಕಗಳು. ಜನಪ್ರತಿನಿಧಿ ಕಾಯ್ದೆ, 1951ರ ಪ್ರಕಾರ ಅಧಿಸೂಚನೆ ಹೊರಟ 7ನೇ ದಿನ ನಾಮಪತ್ರಕ್ಕೆ ಕೊನೆ, ಮರುದಿನ ಪರಿಶೀಲನೆ, ಅದಾದ 2ನೇ ದಿನ ನಾಮಪತ್ರ ವಾಪಸಿಗೆ ಕೊನೆ. ರಜೆ ಅಡ್ಡ ಬಂದರೆ ಮುಂದಿನ ಕೆಲಸದ ದಿನಕ್ಕೆ ಜಾರುತ್ತದೆ. 2023ರ ವಿಧಾನಸಭೆ ಚುನಾವಣೆಯಲ್ಲಿ ಏಪ್ರಿಲ್ 13ಕ್ಕೆ ಅಧಿಸೂಚನೆ, 20ಕ್ಕೆ ನಾಮಪತ್ರ ಕೊನೆ, 21ಕ್ಕೆ ಪರಿಶೀಲನೆ, 23 ಭಾನುವಾರ ಬಂದಿದ್ದರಿಂದ 24ಕ್ಕೆ ವಾಪಸ್, ಮೇ 10ಕ್ಕೆ ಮತದಾನ. 2024ರ ಲೋಕಸಭೆಗೆ ನಮ್ಮ ಭಾಗದಲ್ಲಿ ಏಪ್ರಿಲ್ 12, 19, 20, 22 ಮತ್ತು ಮೇ 7. ಲೆಕ್ಕ ಹಾಕಿ: ಪಕ್ಷಕ್ಕೆ ಮನಸ್ಸು ಬದಲಿಸಲು ಒಂದು ವಾರ, ಅಭ್ಯರ್ಥಿಗೆ ಮನಸ್ಸು ಬದಲಿಸಲು ಇನ್ನೂ ಮೂರ್ನಾಲ್ಕು ದಿನ, ಆಮೇಲಿನ ಹದಿನೈದು ದಿನ ಯಾರಿಗೂ ಏನೂ ಬದಲಿಸಲು ಬರುವುದಿಲ್ಲ. ಹಳೆಯ ವಿಡಿಯೊ, ಆಡಿಯೊಗಳು ಬಹುಪಾಲು ಈ ಹದಿನೈದು ದಿನಗಳಲ್ಲೇ ಹೊರಬೀಳುವುದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಎದುರಾಳಿಗೂ ಕ್ಯಾಲೆಂಡರ್ ಓದಲು ಬರುತ್ತದೆ. ನಾಮಪತ್ರ ಸಲ್ಲಿಕೆಯ ಗಡುವು ಮುಗಿಯುವ ಮುಂಚೆ ಬಾಂಬ್ ಸಿಡಿಸಿದರೆ ಎದುರು ಪಕ್ಷ ಒಳ್ಳೆಯ ಅಭ್ಯರ್ಥಿಯನ್ನು ತಂದು ನಿಲ್ಲಿಸಿಬಿಟ್ಟೀತು!

ಮೊದಲ ವಾರದಲ್ಲಿ ಪಕ್ಷ ಮಾಡಬಹುದಾದ ಕೆಲಸ ಚಿಹ್ನೆಗಳ ಆದೇಶದ 13ಎ ಪ್ಯಾರಾದಲ್ಲಿದೆ. ಹೊಸ ಅಭ್ಯರ್ಥಿಯ ಹೆಸರಿಗೆ ಇನ್ನೊಂದು ಬಿ ಫಾರಂ ಕೊಟ್ಟು, ‘ಇಂಥವರಿಗೆ ಹಿಂದೆ ಕೊಟ್ಟಿದ್ದನ್ನು ರದ್ದು ಮಾಡಿದ್ದೇವೆ’ ಎಂದು ಅದರಲ್ಲೇ ಸ್ಪಷ್ಟವಾಗಿ ಬರೆದು, ಕೊನೆಯ ದಿನ 3 ಗಂಟೆಯೊಳಗೆ ತಲುಪಿಸಬೇಕು. ಎಡವಟ್ಟು ಆಗುವುದು ಇಲ್ಲೇ. ರದ್ದತಿಯ ಆ ಸಾಲು ಬರೆಯಲು ಮರೆತರೆ ಎರಡು ಬಿ ಫಾರಂಗಳು ಮೇಜಿನ ಮೇಲೆ ಕೂರುತ್ತವೆ. ಆಗ ಚುನಾವಣಾಧಿಕಾರಿ ಯಾರ ನಾಮಪತ್ರ ಮೊದಲು ಬಂದಿತೋ ಅವರನ್ನೇ ಪಕ್ಷದ ಅಭ್ಯರ್ಥಿ ಎಂದು ಪರಿಗಣಿಸಬೇಕು. ಅಂದರೆ ಪಕ್ಷ ಯಾರನ್ನು ಕೈಬಿಡಬೇಕೆಂದು ಹೊರಟಿತೋ ಅವರಿಗೇ ಚಿಹ್ನೆ ಗಟ್ಟಿಯಾಗುತ್ತದೆ. ಹೊಸಬರು ತಮ್ಮ ನಾಮಪತ್ರದಲ್ಲಿ ಇದೇ ಪಕ್ಷದ ಅಭ್ಯರ್ಥಿ ಎಂದು ಘೋಷಿಸಿಕೊಂಡಿರಬೇಕು ಎನ್ನುವುದೂ ಷರತ್ತು. ಅವಸರದಲ್ಲಿ ಪಕ್ಷೇತರ ಎಂದು ಬರೆದುಕೊಟ್ಟಿದ್ದರೆ ಬಿ ಫಾರಂ ಬಂದೂ ಪ್ರಯೋಜನವಿಲ್ಲ.

ಇನ್ನೊಂದು ಮಾತು ನಿಮ್ಮ ತಾಲ್ಲೂಕಿನವರಿಗೆ ಮುಖ್ಯ. ವಿಧಾನಸಭೆಯಾದರೆ ಚುನಾವಣಾಧಿಕಾರಿಯ ಕಚೇರಿ ನಿಮ್ಮೂರಲ್ಲೇ. ಲೋಕಸಭೆಯಾದರೆ ಸಿಂಧನೂರು, ಮಸ್ಕಿ ಎರಡೂ ರಾಯಚೂರು ಜಿಲ್ಲೆಯಲ್ಲಿದ್ದೂ ಕೊಪ್ಪಳ ಕ್ಷೇತ್ರಕ್ಕೆ ಸೇರಿವೆ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೂ ಅಷ್ಟೇ. ಕಾಗದ ಹೋಗಬೇಕಾದದ್ದು ಕೊಪ್ಪಳದ ಜಿಲ್ಲಾಧಿಕಾರಿ ಕಚೇರಿಗೆ, ರಾಯಚೂರಿಗಲ್ಲ. ‘ಜಿಲ್ಲಾಧ್ಯಕ್ಷರ ಹತ್ತಿರ ಪತ್ರ ಕೊಟ್ಟಿದ್ದೇವೆ’ ಎಂದು ಯಾರಾದರೂ ಹೇಳಿದರೆ ‘ಯಾವ ಜಿಲ್ಲೆಯ ಅಧ್ಯಕ್ಷರು, ಚುನಾವಣಾಧಿಕಾರಿಗೆ ಮುಟ್ಟಿತೇ’ ಎಂದು ಕೇಳಿ.

ಎರಡನೇ ಹಂತ ಪರಿಶೀಲನೆಯಿಂದ ವಾಪಸಿನವರೆಗಿನದು. ಇಲ್ಲಿ ಕೀಲಿಕೈ ಪಕ್ಷದ ಕೈಯಿಂದ ಅಭ್ಯರ್ಥಿಯ ಕೈಗೆ ಹೋಗಿರುತ್ತದೆ. ವಾಪಸಿನ ಅರ್ಜಿಗೆ ಅಭ್ಯರ್ಥಿಯೇ ಸಹಿ ಮಾಡಬೇಕು. ಸ್ವತಃ ಕೊಡಬೇಕು ಅಥವಾ ಲಿಖಿತ ಅಧಿಕಾರ ಪಡೆದ ಸೂಚಕರೋ (ನಾಮಪತ್ರದಲ್ಲಿ ಅವರ ಹೆಸರು ಸೂಚಿಸಿ ಸಹಿ ಹಾಕಿದವರು) ಚುನಾವಣಾ ಏಜೆಂಟರೋ ಕೊಡಬೇಕು. ಪಕ್ಷದ ಅಧ್ಯಕ್ಷರು ‘ಇವರ ನಾಮಪತ್ರ ವಾಪಸ್ ಪಡೆಯುತ್ತಿದ್ದೇವೆ’ ಎಂದು ಪತ್ರ ಬರೆದರೆ ಅದು ಕಡತದಲ್ಲಿ ಕೂರುತ್ತದೆ, ಅಷ್ಟೇ. ಪರಿಶೀಲನೆಯಲ್ಲಿ ಅಧಿಕಾರಿ ನೋಡುವುದು ವಯಸ್ಸು, ಸೂಚಕರ ಸಹಿ, ಪ್ರಮಾಣಪತ್ರದ ಖಾಲಿ ಕಾಲಂ, ಠೇವಣಿ, ಪ್ರತಿಜ್ಞೆ ಇಂಥವನ್ನು. ಅಭ್ಯರ್ಥಿ ಹಿಂದಿನ ವರ್ಷ ಯಾವ ಭಾಷಣ ಮಾಡಿದ್ದರು ಎಂದು ವಿಚಾರಿಸುವ ಅಧಿಕಾರ ಅವರಿಗಿಲ್ಲ.

ಈ ಹಂತದಲ್ಲಿ ಪಕ್ಷಕ್ಕೆ ಉಳಿದಿರುವ ಬಾಗಿಲು ಡಮ್ಮಿ ಅಭ್ಯರ್ಥಿ. ಬಿ ಫಾರಂನಲ್ಲಿ ಮುಖ್ಯ ಅಭ್ಯರ್ಥಿಯ ಜತೆ ಬದಲಿ ಅಭ್ಯರ್ಥಿಯ ಹೆಸರಿಗೂ ಜಾಗವಿದೆ. ಮುಖ್ಯ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾದರೆ ಅಥವಾ ಅವರು ವಾಪಸ್ ಪಡೆದರೆ ಚಿಹ್ನೆ ಬದಲಿಗೆ ಹೋಗುತ್ತದೆ. ಆದರೆ ಇದರಲ್ಲೊಂದು ಸೂಕ್ಷ್ಮವಿದೆ, ಅನುಭವಿಗಳೂ ಇಲ್ಲಿ ಜಾರುತ್ತಾರೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ 10 ಜನ ಬೇಕು. ಡಮ್ಮಿಯ ನಾಮಪತ್ರಕ್ಕೆ ಒಬ್ಬರೇ ಸೂಚಕರಿದ್ದು, ಪರಿಶೀಲನೆಯಲ್ಲಿ ಮುಖ್ಯ ಅಭ್ಯರ್ಥಿಯ ನಾಮಪತ್ರ ಊರ್ಜಿತವಾಯಿತು ಎನ್ನಿ. ಆ ಕ್ಷಣಕ್ಕೆ ಡಮ್ಮಿ ಪಕ್ಷದ ಅಭ್ಯರ್ಥಿಯಲ್ಲ, ಹತ್ತು ಸೂಚಕರೂ ಇಲ್ಲ, ಹಾಗಾಗಿ ಅವರದು ತಿರಸ್ಕೃತ. ಎರಡು ದಿನ ಬಿಟ್ಟು ಮುಖ್ಯ ಅಭ್ಯರ್ಥಿ ಹಿಂದೆ ಸರಿದರೆ ಚಿಹ್ನೆ ಹೊರಲು ಯಾರೂ ಇರುವುದಿಲ್ಲ. ವಿವಾದದ ವಾಸನೆ ಮೊದಲೇ ಬಡಿದಿರುವ ಪಕ್ಷ ಡಮ್ಮಿಯಿಂದ 10 ಸೂಚಕರ ನಾಮಪತ್ರವನ್ನೇ ಹಾಕಿಸುತ್ತದೆ. ಒಬ್ಬರು ನಾಲ್ಕು ನಾಮಪತ್ರಗಳವರೆಗೆ ಕೊಡಬಹುದಾದ್ದರಿಂದ ಒಂದು ಸೆಟ್ ಹೀಗೂ ಒಂದು ಸೆಟ್ ಹಾಗೂ ಹಾಕುವುದು ರೂಢಿ. ಅಧಿಕೃತ ಅಭ್ಯರ್ಥಿಯೇ 10 ಸೂಚಕರ ಎರಡನೇ ಸೆಟ್ ಹಾಕಿದ್ದಾರೆಂದರೆ ಅವರಿಗೂ ಪಕ್ಷದ ಮೇಲೆ ಪೂರಾ ನಂಬಿಕೆಯಿಲ್ಲ ಎಂದು ಓದಿಕೊಳ್ಳಬಹುದು. ಮಾತಿನಲ್ಲಿ ಸಿಗದ ಸುಳಿವು ಸೂಚಕರ ಪಟ್ಟಿಯಲ್ಲಿ ಸಿಗುತ್ತದೆ.

ಡಮ್ಮಿಯನ್ನೂ ಕಾಟಾಚಾರಕ್ಕೆ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ 2024ರ ಸೂರತ್ ಇದೆ. ಕಾಂಗ್ರೆಸ್ ಅಭ್ಯರ್ಥಿ ನೀಲೇಶ್ ಕುಂಭಾನಿಯವರ ಸೂಚಕರೇ ‘ಸಹಿ ನಮ್ಮದಲ್ಲ’ ಎಂದರು, ನಾಮಪತ್ರ ಬಿತ್ತು, ಡಮ್ಮಿಯದ್ದೂ ಬಿತ್ತು, ಉಳಿದವರು ವಾಪಸ್ ಪಡೆದರು, ಬಿಜೆಪಿ ಅವಿರೋಧ ಗೆದ್ದಿತು. ಪಕ್ಷ ಕುಂಭಾನಿಯವರನ್ನು ಅಮಾನತು ಮಾಡಿದ್ದು ಎಲ್ಲ ಮುಗಿದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಇನ್ನು ಮೂರನೇ ಹಂತ, ನೀವು ಕೇಳಿದ್ದು ನಿಜಕ್ಕೂ ಇದನ್ನೇ. ವಾಪಸಿನ ದಿನ 3 ಗಂಟೆಯ ನಂತರ ಕಣದಲ್ಲಿರುವವರ ಅಂತಿಮ ಪಟ್ಟಿ ಹೊರಡುತ್ತದೆ. ಮಾನ್ಯತೆ ಪಡೆದ ಪಕ್ಷದವರು ಮೊದಲು, ನೋಂದಾಯಿತ ಸಣ್ಣ ಪಕ್ಷದವರು ಆಮೇಲೆ, ಪಕ್ಷೇತರರು ಕೊನೆಗೆ, ಪ್ರತಿ ಗುಂಪಿನೊಳಗೆ ಅಕ್ಷರಾನುಕ್ರಮ. ಹೆಸರು, ಫೋಟೊ, ಚಿಹ್ನೆ ಇರುವ ಮತಪತ್ರ ಅಚ್ಚಾಗಿ ಯಂತ್ರಕ್ಕೆ ಕೂರುತ್ತದೆ. ಪಕ್ಷ ಉಚ್ಚಾಟಿಸಿತೆಂದು ಅದರಿಂದ ಯಾರನ್ನೂ ಕಿತ್ತು ಹಾಕುವ ಅಥವಾ ಅವರ ಚಿಹ್ನೆ ಅಳಿಸುವ ದಾರಿ ಕಾನೂನಿನಲ್ಲಿಲ್ಲ.

ಇದರ ಅತ್ಯಂತ ವಿಚಿತ್ರ ಉದಾಹರಣೆ ರಾಜಸ್ಥಾನದ ಬಾಂಸ್‌ವಾಡಾ, 2024. ಅಲ್ಲಿ ಅಭ್ಯರ್ಥಿಯ ಮೇಲೆ ಆರೋಪವೇನೂ ಇರಲಿಲ್ಲ. ಕಾಂಗ್ರೆಸ್ ಅರವಿಂದ್ ಡಾಮೋರ್ ಅವರಿಗೆ ಬಿ ಫಾರಂ ಕೊಟ್ಟಾಗಿತ್ತು. ಆಮೇಲೆ ಭಾರತ್ ಆದಿವಾಸಿ ಪಾರ್ಟಿಯ ರಾಜಕುಮಾರ್ ರೋತ್ ಅವರನ್ನು ಬೆಂಬಲಿಸಲು ನಿರ್ಧರಿಸಿತು. ವಾಪಸ್ ಪಡೆಯಬೇಕಿದ್ದ ಡಾಮೋರ್ ಗಡುವು ಮುಗಿಯುವವರೆಗೆ ಕೈಗೆ ಸಿಗಲಿಲ್ಲ. ಕಡೆಗೆ ಕಾಂಗ್ರೆಸ್ ಮುಖಂಡರು ಊರೂರು ತಿರುಗಿ ‘ನಮ್ಮ ಕೈ ಚಿಹ್ನೆಗೆ ಹಾಕಬೇಡಿ’ ಎಂದು ಪ್ರಚಾರ ಮಾಡಬೇಕಾಯಿತು. ರೋತ್ ಗೆದ್ದರು. ಆದರೂ ಕೈ ಗುರುತಿಗೆ 60 ಸಾವಿರಕ್ಕೂ ಹೆಚ್ಚು ಮತ ಬಿದ್ದವು. ಚಿಹ್ನೆ ಮತದಾರರ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿರುತ್ತದೆ, ಪತ್ರಿಕಾಗೋಷ್ಠಿಯ ಮಾತು ಎಷ್ಟು ಮೇಲೆ ತೇಲುತ್ತಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಗೊತ್ತಿಲ್ಲ. ಬ್ರಿಟನ್ನಿನಲ್ಲೂ ಕಥೆ ಇದೇ: 2024ರ ಫೆಬ್ರುವರಿಯಲ್ಲಿ ರಾಚ್‌ಡೇಲ್ ಉಪಚುನಾವಣೆಯಲ್ಲಿ ಲೇಬರ್ ಪಕ್ಷ ತನ್ನ ಅಭ್ಯರ್ಥಿ ಅಜರ್ ಅಲಿಯವರ ಕೈಬಿಟ್ಟಿತು, ಆದರೆ ನಾಮಪತ್ರದ ಗಡುವು ಮುಗಿದಿದ್ದರಿಂದ ಮತಪತ್ರದಲ್ಲಿ ಅವರು ಲೇಬರ್ ಅಭ್ಯರ್ಥಿಯಾಗಿಯೇ ಉಳಿದರು.

ನಮ್ಮ ರಾಜ್ಯದ ಉದಾಹರಣೆ ನಿಮಗೆ ನೆನಪಿರುತ್ತದೆ. ಹಾಸನದಲ್ಲಿ ಮತದಾನ ನಡೆದದ್ದು 2024ರ ಏಪ್ರಿಲ್ 26ಕ್ಕೆ. ಜೆಡಿಎಸ್ ತನ್ನ ಅಭ್ಯರ್ಥಿ ಪ್ರಜ್ವಲ್ ರೇವಣ್ಣ ಅವರನ್ನು ಅಮಾನತು ಮಾಡಿದ್ದು ಏಪ್ರಿಲ್ 30ಕ್ಕೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಮತದಾನ ಮೇ 7ಕ್ಕೆ. ಹಾಸನದ ಮತಗಳು ಯಂತ್ರದೊಳಗೆ ಭದ್ರವಾಗಿದ್ದವು, ಅವುಗಳ ಮೇಲೆ ಅಮಾನತಿಗೆ ಯಾವ ಅಧಿಕಾರವೂ ಇರಲಿಲ್ಲ. ಹಾಗಾದರೆ ಆ ಅಮಾನತು ಯಾರಿಗಾಗಿ? ಇನ್ನೂ ಮತ ಹಾಕದಿದ್ದ 14 ಕ್ಷೇತ್ರಗಳ ಮತದಾರರಿಗಾಗಿ ಎಂದು ನಾನು ಓದುತ್ತೇನೆ. ಪಕ್ಷಗಳು ದೂರ ಸರಿಯುವುದು ಬಹಳ ಸಲ ಆ ಕ್ಷೇತ್ರಕ್ಕಾಗಿ ಅಲ್ಲ, ಪಕ್ಕದ ಕ್ಷೇತ್ರಕ್ಕಾಗಿ. ಜೂನ್ 4ರ ಎಣಿಕೆಯಲ್ಲಿ ಅವರು ಸೋತರು. ಗೆದ್ದಿದ್ದರೆ ದಾಖಲೆಯಲ್ಲಿ ಜೆಡಿಎಸ್ ಸಂಸದರೇ ಆಗಿರುತ್ತಿದ್ದರು.

ದೂರ ಸರಿಯುವುದರಲ್ಲೂ ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲು ‘ಅದು ಅವರ ವೈಯಕ್ತಿಕ ಅಭಿಪ್ರಾಯ’. ಅದರ ಮೇಲೆ ಕಾರಣ ಕೇಳಿ ನೋಟಿಸ್, ಆಮೇಲೆ ಅಮಾನತು, ತುದಿಯಲ್ಲಿ ಉಚ್ಚಾಟನೆ. ನೋಟಿಸ್ ಬಂದಾಗ ಉತ್ತರಕ್ಕೆ ಕೊಟ್ಟ ಗಡುವು ಮತದಾನದ ಮುಂಚೆ ಬೀಳುತ್ತದೋ ಆಮೇಲೋ ನೋಡಿ. 2019ರಲ್ಲಿ ಭೋಪಾಲ್‌ನಲ್ಲಿ ಮೇ 12ಕ್ಕೆ ಮತದಾನವಾಗಿತ್ತು. ಬಿಜೆಪಿ ಅಭ್ಯರ್ಥಿ ಪ್ರಜ್ಞಾ ಸಿಂಗ್ ಠಾಕೂರ್ ಗೋಡ್ಸೆಯನ್ನು ದೇಶಭಕ್ತ ಎಂದದ್ದು ಮೇ 16ಕ್ಕೆ. ಮರುದಿನ ಪ್ರಧಾನಿ ತಾವು ಮನಸಾರೆ ಕ್ಷಮಿಸಲಾರೆ ಎಂದರು, ಶಿಸ್ತು ಸಮಿತಿಗೆ 10 ದಿನದ ಗಡುವು ಕೊಡಲಾಯಿತು. ಫಲಿತಾಂಶ ಮೇ 23ಕ್ಕೇ ಬಂತು. ಅವರು ಗೆದ್ದರು, ಐದು ವರ್ಷ ಅದೇ ಪಕ್ಷದ ಸಂಸದೆಯಾಗಿದ್ದರು. ಪಕ್ಷ ನಿಜವಾಗಿ ಅವರನ್ನು ಕೈಬಿಟ್ಟದ್ದು 2024ರಲ್ಲಿ ಟಿಕೆಟ್ ಕೊಡದೆ. ಉತ್ತರ ಕನ್ನಡದಲ್ಲೂ ಅನಂತಕುಮಾರ ಹೆಗಡೆಯವರ ಸಂವಿಧಾನ ಬದಲಿಸುವ ಮಾತಿಗೆ ಮೊದಲು ‘ವೈಯಕ್ತಿಕ’ ಎಂಬ ಹೇಳಿಕೆ ಬಂತು, ಆಮೇಲೆ ಟಿಕೆಟ್ ವಿಶ್ವೇಶ್ವರ ಹೆಗಡೆ ಕಾಗೇರಿಯವರ ಪಾಲಾಯಿತು. ಇದಕ್ಕೆ ಹೋಲಿಸಿದರೆ ಬಂಡಾಯಕ್ಕೆ ಶಿಕ್ಷೆ ಎಷ್ಟು ಬೇಗ! ಶಿವಮೊಗ್ಗದಲ್ಲಿ ಪಕ್ಷೇತರರಾಗಿ ನಿಂತ ಕೆ.ಎಸ್. ಈಶ್ವರಪ್ಪನವರನ್ನು ನಾಮಪತ್ರ ವಾಪಸಿನ ಗಡುವು ಮುಗಿದ ದಿನವೇ 6 ವರ್ಷ ಉಚ್ಚಾಟಿಸಲಾಯಿತು. ಎಲ್ಲ ಪಕ್ಷಗಳ ಲೆಕ್ಕದಲ್ಲೂ ಪಕ್ಷದ ವಿರುದ್ಧ ನಿಲ್ಲುವುದು ದೊಡ್ಡ ಅಪರಾಧ, ಉಳಿದದ್ದೆಲ್ಲ ಆಮೇಲೆ.

ಈ 6 ವರ್ಷದ ಬಗ್ಗೆ ಒಂದು ಗೊಂದಲ ಬಿಡಿಸಬೇಕು. ಪಕ್ಷ ಹಾಕುವ 6 ವರ್ಷ ಪಕ್ಷದ ಒಳಗಿನ ರೂಢಿ, ಆರು ತಿಂಗಳಲ್ಲೇ ಹಾರ ಹಾಕಿ ವಾಪಸ್ ಕರೆದುಕೊಂಡರೂ ಕೇಳುವವರಿಲ್ಲ. ಕಾನೂನಿನ 6 ವರ್ಷ ಬೇರೆ. ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 8(3)ರಂತೆ 2 ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಆ ದಿನದಿಂದಲೇ ಅನರ್ಹತೆ, ಬಿಡುಗಡೆಯಾದ ಮೇಲೂ 6 ವರ್ಷ. ಬರೀ ಎಫ್‌ಐಆರ್, ಆರೋಪಪಟ್ಟಿಗೆ ಅನರ್ಹತೆ ಇಲ್ಲ. ಮೇಲ್ಮನವಿ ಹಾಕಿ ಕುರ್ಚಿ ಉಳಿಸಿಕೊಳ್ಳುವ ದಾರಿಯನ್ನು 2013ರ ಲಿಲಿ ಥಾಮಸ್ ತೀರ್ಪು ಮುಚ್ಚಿತು. ಗಂಗಾವತಿ ಶಾಸಕ ಜನಾರ್ದನ ರೆಡ್ಡಿಯವರಿಗೆ 2025ರ ಮೇ 6ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯ ಓಬಳಾಪುರಂ ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ 7 ವರ್ಷ ಶಿಕ್ಷೆ ವಿಧಿಸಿದಾಗ ಶಾಸಕತ್ವ ಹೋದದ್ದು ಹೀಗೆ. ಮುಂದೆ ತೆಲಂಗಾಣ ಹೈಕೋರ್ಟ್ ಆದೇಶದ ನಂತರ ಸದಸ್ಯತ್ವ ಮರಳಿತು. ಇದರಲ್ಲಿ ಪಕ್ಷದ ಇಷ್ಟಾನಿಷ್ಟಕ್ಕೆ ಜಾಗವೇ ಇಲ್ಲ.

ಅವರ ಹೆಸರು ಬಂದ ಮೇಲೆ ನಮ್ಮ ಭಾಗದ ವಿಶೇಷ ಕಲೆಯನ್ನೂ ಹೇಳಬೇಕು: ಮನುಷ್ಯನಿಂದ ದೂರ, ಮನೆಗೆ ಹತ್ತಿರ. 2018ರ ಮಾರ್ಚ್ 31ರಂದು ಮೈಸೂರಿನಲ್ಲಿ ಅಂದಿನ ಬಿಜೆಪಿ ಅಧ್ಯಕ್ಷ ಅಮಿತ್ ಶಾ, ಜನಾರ್ದನ ರೆಡ್ಡಿಯವರಿಗೂ ಪಕ್ಷಕ್ಕೂ ಸಂಬಂಧವಿಲ್ಲ ಎಂದರು. ಅದೇ ಚುನಾವಣೆಯಲ್ಲಿ ಸೋದರ ಸೋಮಶೇಖರ ರೆಡ್ಡಿಯವರಿಗೆ ಬಳ್ಳಾರಿ ನಗರ, ಕರುಣಾಕರ ರೆಡ್ಡಿಯವರಿಗೆ ಹರಪನಹಳ್ಳಿ, ಆಪ್ತ ಶ್ರೀರಾಮುಲು ಅವರಿಗೆ ಮೊಳಕಾಲ್ಮುರು ಮತ್ತು ಬಾದಾಮಿ. ಜನಾರ್ದನ ರೆಡ್ಡಿಯವರು ಜಾಮೀನಿನ ಷರತ್ತಿನಿಂದ ಬಳ್ಳಾರಿಗೆ ಕಾಲಿಡುವಂತಿರಲಿಲ್ಲ, ಸೋದರನ ಪ್ರಚಾರಕ್ಕೆ ಅನುಮತಿ ಕೇಳಿದರೆ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹಾಗಾಗಿ ಜಿಲ್ಲೆಯ ಗಡಿಯಾಚೆ ಮೊಳಕಾಲ್ಮುರಿನಲ್ಲಿ ನಿಂತು ಶ್ರೀರಾಮುಲು ಪರ ಪ್ರಚಾರ ಮಾಡಿದರು. ಆ ದಿನಗಳಲ್ಲಿ ಜಾಮೀನಿನ ಷರತ್ತು ಎಳೆದ ಗೆರೆ ಜಾಗ ಬಿಟ್ಟು ಕದಲಲಿಲ್ಲ, ಪಕ್ಷದ ಗೆರೆ ಮಾತ್ರ ಎಲ್ಲಿತ್ತೋ ಹುಡುಕಬೇಕಿತ್ತು. ಸೋದರರಿಬ್ಬರೂ ಗೆದ್ದರು, ಶ್ರೀರಾಮುಲು ಮೊಳಕಾಲ್ಮುರಿನಲ್ಲಿ ಗೆದ್ದರು.

ಪಕ್ಷ ಪೂರಾ ಕಡಿದುಕೊಂಡರೆ ಏನು ಬೆಲೆ ತೆರಬೇಕಾಗುತ್ತದೆ ಎನ್ನುವುದೂ ಇಲ್ಲೇ ಕಂಡಿದೆ. 2022ರ ಡಿಸೆಂಬರ್‌ನಲ್ಲಿ ರೆಡ್ಡಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿದರು. 2023ರಲ್ಲಿ ತಾವು ಫುಟ್‌ಬಾಲ್ ಚಿಹ್ನೆಯ ಮೇಲೆ ಗಂಗಾವತಿಯಲ್ಲಿ ಗೆದ್ದರು. ಬಳ್ಳಾರಿ ನಗರದಲ್ಲಿ ಪತ್ನಿ ಲಕ್ಷ್ಮಿ ಅರುಣಾ, ಬಿಜೆಪಿಯಿಂದ ನಿಂತ ಗಂಡನ ಸೋದರನ ಎದುರೇ ನಿಂತರು. ಇಬ್ಬರೂ ಸೋತರು, ಕಾಂಗ್ರೆಸ್ಸಿನ ಭರತ್ ರೆಡ್ಡಿ ಗೆದ್ದರು. 2024ರ ಮಾರ್ಚ್‌ನಲ್ಲಿ ಆ ಪಕ್ಷ ಬಿಜೆಪಿಯಲ್ಲಿ ವಿಲೀನವಾಯಿತು. ವಿಲೀನಕ್ಕೆ ಶಾಸಕರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕೆಂಬುದು ನಿಯಮ. ಒಬ್ಬರೇ ಶಾಸಕರಿದ್ದಾಗ ಆ ಲೆಕ್ಕ ಬಲು ಸುಲಭ.

‘ಕೇಸಿನ ವಿಷಯ ನಮಗೆ ಗೊತ್ತೇ ಇರಲಿಲ್ಲ’ ಎಂಬ ಸಮರ್ಥನೆ ಈಗ ನಿಲ್ಲುವುದಿಲ್ಲ. ನಾಮಪತ್ರದ ಜತೆಗಿನ ನಮೂನೆ 26ರ ಪ್ರಮಾಣಪತ್ರದಲ್ಲಿ ಬಾಕಿ ಪ್ರಕರಣಗಳ ವಿವರ ಕೊಟ್ಟು, ಆ ಮಾಹಿತಿಯನ್ನು ಪಕ್ಷಕ್ಕೂ ತಿಳಿಸಿದ್ದೇನೆ ಎಂದು ಅಭ್ಯರ್ಥಿ ಘೋಷಿಸಬೇಕು. ಸುಪ್ರೀಂ ಕೋರ್ಟಿನ 2018, 2020 ಮತ್ತು 2021ರ ತೀರ್ಪುಗಳ ಫಲವಾಗಿ, ಆಯ್ಕೆ ಮಾಡಿದ 48 ಗಂಟೆಯೊಳಗೆ ಪಕ್ಷ ಆ ಪ್ರಕರಣಗಳನ್ನೂ, ಇವರನ್ನೇ ಏಕೆ ಆರಿಸಿದೆವು, ಪ್ರಕರಣವಿಲ್ಲದವರು ಏಕೆ ಸಿಗಲಿಲ್ಲ ಎನ್ನುವುದನ್ನೂ ಜಾಲತಾಣದಲ್ಲಿ ಮತ್ತು ಪತ್ರಿಕೆಯಲ್ಲಿ ಪ್ರಕಟಿಸಬೇಕು. ‘ಗೆಲ್ಲುವ ಕುದುರೆ’ ಎನ್ನುವುದೊಂದೇ ಕಾರಣವಾಗಬಾರದು. ಇದಕ್ಕೆ ಇರುವುದು ಸಿ-7 ನಮೂನೆ. ಆಯೋಗಕ್ಕೆ ಸಿ-8ರಲ್ಲಿ ವರದಿ ಹೋಗುತ್ತದೆ. ಅಭ್ಯರ್ಥಿ ಕೂಡ ವಾಪಸಿನ ಗಡುವಿನ ನಂತರ ಮೂರು ಸಲ ಪತ್ರಿಕೆ, ಟಿ.ವಿ.ಯಲ್ಲಿ ಪ್ರಕಟಿಸಬೇಕು: ಮೊದಲ 4 ದಿನಗಳೊಳಗೆ ಒಮ್ಮೆ, 5ರಿಂದ 8ನೇ ದಿನದೊಳಗೆ ಒಮ್ಮೆ, 9ನೇ ದಿನದಿಂದ ಪ್ರಚಾರ ಮುಗಿಯುವುದರೊಳಗೆ ಒಮ್ಮೆ. ಬಿಹಾರದ 2020ರ ಚುನಾವಣೆಯಲ್ಲಿ ಇದನ್ನು ಪಾಲಿಸದ್ದಕ್ಕೆ ಬಿಜೆಪಿ, ಕಾಂಗ್ರೆಸ್ ಸೇರಿ ಹಲವು ಪಕ್ಷಗಳಿಗೆ ತಲಾ 1 ಲಕ್ಷ, ಸಿಪಿಎಂ ಮತ್ತು ಎನ್‌ಸಿಪಿಗೆ ತಲಾ 5 ಲಕ್ಷ ರೂಪಾಯಿ ದಂಡ ಬಿತ್ತು. ಮುಂದಿನ ಸಲ ಮುಖಂಡರು ಕೈ ತೊಳೆದುಕೊಂಡಾಗ ಅದೇ ಪಕ್ಷದ ಸಿ-7 ತೆಗೆದು ಓದಿ. ತಿಂಗಳ ಹಿಂದೆ ‘ಜನಪರ ಕಾಳಜಿಯುಳ್ಳವರು, ಪ್ರಕರಣಗಳು ರಾಜಕೀಯ ಪ್ರೇರಿತ’ ಎಂಬ ಧಾಟಿಯಲ್ಲಿ ಅವರೇ ಬರೆದುಕೊಟ್ಟಿರುವುದು ಸಿಗಬಹುದು.

ವೇದಿಕೆಯ ಮೇಲೆ ಅಭ್ಯರ್ಥಿ ಕಾಣದಿದ್ದರೆ ಪಕ್ಷ ದೂರವಿಟ್ಟಿದೆ ಎಂದು ತಟ್ಟನೆ ತೀರ್ಮಾನಿಸಬೇಡಿ. ತಾರಾ ಪ್ರಚಾರಕರ ಓಡಾಟದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅಭ್ಯರ್ಥಿ ಅದೇ ವೇದಿಕೆ ಹತ್ತಿದರೆ, ಬ್ಯಾನರ್‌ನಲ್ಲಿ ಅವರ ಫೋಟೊ ಇದ್ದರೆ, ಪೆಂಡಾಲು, ಕುರ್ಚಿ, ಮೈಕಿನ ಖರ್ಚು ಅವರ ತಲೆಗೆ ಬರುತ್ತದೆ. ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ಮಿತಿ. ಕೊನೆಯ ವಾರದಲ್ಲಿ ಮಿತಿಯ ಹತ್ತಿರ ಬಂದವರು ಬೇಕೆಂದೇ ಕೆಳಗೆ ನಿಲ್ಲುವುದುಂಟು. ನಿಜವಾದ ಮುನಿಸು ತಿಳಿಯಬೇಕಾದರೆ ಅಕ್ಕಪಕ್ಕದ ಮೂರು ಕ್ಷೇತ್ರಕ್ಕೆ ಬಂದ ನಾಯಕರು ಈ ಕ್ಷೇತ್ರವನ್ನು ದಾಟಿಕೊಂಡೇ ಹೋದರೇ ನೋಡಿ. ಗಂಗಾವತಿ, ಸಿರುಗುಪ್ಪದಲ್ಲಿ ಸಭೆ ಮಾಡಿ ಸಿಂಧನೂರಿನಲ್ಲಿ ಚಹಾಕ್ಕೂ ಇಳಿಯದಿದ್ದರೆ ಅರ್ಥ ಗೊತ್ತಾಯಿತಲ್ಲ.

ಗೆದ್ದ ಮೇಲೆ? ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ ಯಾವ ಪಕ್ಷ ನಿಲ್ಲಿಸಿತೋ ಆ ಪಕ್ಷದ ಸದಸ್ಯರೇ. ಗೆದ್ದವರನ್ನು ಪಕ್ಷ ಹೊರಹಾಕಿದರೂ ಅವರು ಆ ಪಕ್ಷಕ್ಕೇ ಸೇರಿದವರೆಂದು ಪರಿಗಣಿಸಬೇಕು, ಬೇರೆ ಪಕ್ಷ ಸೇರಿದರೆ ಶಾಸಕತ್ವ ಹೋಗುತ್ತದೆ ಎಂದು ಸುಪ್ರೀಂ ಕೋರ್ಟ್ 1996ರ ವಿಶ್ವನಾಥನ್ ಪ್ರಕರಣದಲ್ಲಿ ಹೇಳಿತು. ಮುಂದೆ ಅದೇ ಪ್ರಶ್ನೆ ಅಮರ್ ಸಿಂಗ್ ಪ್ರಕರಣದಲ್ಲಿ ದೊಡ್ಡ ಪೀಠಕ್ಕೆ ಹೋಗಿ 2016ರಲ್ಲಿ ಉತ್ತರವಿಲ್ಲದೆ ಮುಗಿಯಿತು. ಸದನದಲ್ಲಿ ನಾಲ್ಕೈದು ತಲೆ ಕಡಿಮೆ ಬಿದ್ದ ದಿನ ಉಚ್ಚಾಟನೆಯ ಪತ್ರ ಎಲ್ಲಿದೆ ಎಂದು ಯಾರಿಗೂ ನೆನಪಿರುವುದಿಲ್ಲ, ಅದು ಬೇರೆ ಮಾತು.

‘ಪಕ್ಷ ಬೇಕು, ಈ ಅಭ್ಯರ್ಥಿ ಬೇಡ’ ಎನ್ನುವ ಮತದಾರರಿಗೆ ಯಂತ್ರದಲ್ಲಿ ಗುಂಡಿ ಇಲ್ಲ. ನೋಟಾ ಒತ್ತಿ ಎಂದು ಪಕ್ಷವೇ ಹೇಳಿದರೂ ಅದು ಪ್ರತಿಭಟನೆಯ ಲೆಕ್ಕ ಮಾತ್ರ. 2024ರಲ್ಲಿ ಇಂದೋರ್‌ನ ಕಾಂಗ್ರೆಸ್ ಅಭ್ಯರ್ಥಿ ವಾಪಸಿನ ಕೊನೆಯ ದಿನ ಹಿಂದೆ ಸರಿದಾಗ ಪಕ್ಷ ನೋಟಾಕ್ಕೆ ಕರೆ ಕೊಟ್ಟಿತು. 2 ಲಕ್ಷ 18 ಸಾವಿರಕ್ಕೂ ಹೆಚ್ಚು ನೋಟಾ ಬಿದ್ದವು, ಗೆದ್ದದ್ದು ಬಿಜೆಪಿ ಅಭ್ಯರ್ಥಿಯೇ.

ಕೊನೆಗೆ ನಿಮ್ಮ ಕುರ್ಚಿಯ ವಿಷಯ. ಮತದಾರರ ಪಟ್ಟಿಯ ಕೆಲಸಕ್ಕೆ ಪಕ್ಷ ನೇಮಿಸುವ ಬೂತ್ ಮಟ್ಟದ ಏಜೆಂಟ್ ಪಕ್ಷದವರು. ಆದರೆ ಮತದಾನದ ದಿನ ಒಳಗೆ ಕೂರುವ ಏಜೆಂಟ್ ಕಾನೂನಿನಲ್ಲಿ ಅಭ್ಯರ್ಥಿಯವರು. ನಮೂನೆ 10ಕ್ಕೆ ಸಹಿ ಹಾಕುವುದು ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟ್. ನಿಮ್ಮನ್ನು ತೆಗೆಯಬೇಕಾದರೂ ನಮೂನೆ 11ಕ್ಕೆ ಅವರದೇ ಸಹಿ ಬೇಕು. ಬ್ಲಾಕ್ ಅಧ್ಯಕ್ಷರು ಫೋನ್ ಮಾಡಿ ‘ನಮ್ಮ ಏಜೆಂಟರೆಲ್ಲ ಎದ್ದು ಬನ್ನಿ’ ಎಂದರೆ ಎದ್ದು ಬರಬೇಕೆಂಬ ಕಾನೂನಿಲ್ಲ, ಕೂರಲೇಬೇಕೆಂಬ ಕಾನೂನೂ ಇಲ್ಲ. ಪಕ್ಷ ಉಚ್ಚಾಟಿಸಿದ ಅಭ್ಯರ್ಥಿಯ ಏಜೆಂಟ್ ಆಗಿ ಕೂತರೆ ಪಕ್ಷವಿರೋಧಿ ಚಟುವಟಿಕೆ ಎಂದು ನಿಮಗೂ ನೋಟಿಸ್ ಬರಬಹುದು. ಹಾಗಾಗಿ ಪಕ್ಷದ ಸೂಚನೆಯನ್ನು ಬರಹದಲ್ಲಿ ಕೇಳಿ. ವಾಟ್ಸ್ಆ್ಯಪ್ ಸಂದೇಶವಾದರೂ ಸರಿ, ಬರೀ ಬಾಯಿಮಾತು ಬೇಡ. ನಾಳೆ ರಾಜಿಯಾದಾಗ ‘ನಾವು ಹಾಗೆ ಹೇಳಲೇ ಇಲ್ಲ’ ಎಂದು ಇಬ್ಬರೂ ನಿಮ್ಮ ಕಡೆ ಬೆರಳು ತೋರಿಸುತ್ತಾರೆ.

ಬಿಡುವುದಾದರೆ ಹಿಂದಿನ ದಿನವೇ ಅಭ್ಯರ್ಥಿಯ ಕಡೆಯವರಿಗೆ ತಿಳಿಸಿ, ಸಹಿಯಾದ ನಮೂನೆ 10 ಹಿಂದಿರುಗಿಸಿ, ಅವರು ಬೇರೆಯವರನ್ನು ಹುಡುಕಿಕೊಳ್ಳಲಿ. ಕೂರುವುದಾದರೆ 7 ಗಂಟೆಯ ಮತದಾನಕ್ಕೆ ಮುಂಜಾನೆ 5.30ಕ್ಕೇ ಅಣಕು ಮತದಾನ ಇರುತ್ತದೆ. ಏಜೆಂಟರು ಬರದಿದ್ದರೆ ಅಧಿಕಾರಿ 15 ನಿಮಿಷ ಕಾಯುತ್ತಾರೆ, ಆಮೇಲೆ ಶುರು ಮಾಡುತ್ತಾರೆ. ಕನಿಷ್ಠ 50 ಮತ ಒತ್ತಿ, ಎಣಿಸಿ, ಅಳಿಸಿ, ವಿವಿಪ್ಯಾಟ್ ಚೀಟಿಗಳನ್ನು ತೆಗೆದು ಸೀಲ್ ಮಾಡುವವರೆಗೆ ಕಣ್ಣು ಮುಚ್ಚಬೇಡಿ. ಸಂಜೆ ಎದ್ದು ಹೊರಡುವ ಮುಂಚೆ, ಬೂತ್‌ನಲ್ಲಿ ಬಿದ್ದ ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿ ಕೇಳಿ ಪಡೆಯಿರಿ.